ಮಣ್ಣಿನೊಳಗಿನ ಮಿತ್ರ: ರೋಗದ ಬೂಷ್ಟನ್ನು ಕರಗಿಸುವ ಕಿಣ್ವಗಳು

ದೇಹವು ಅನ್ನದಿಂದ ಬೆಳೆಯುತ್ತದೆ. ಅನ್ನವು ಬೆಳೆಯಿಂದ ಬರುತ್ತದೆ. ಬೆಳೆಯು ಮಣ್ಣನ್ನು ಆಶ್ರಯಿಸಿದೆ. ಆದ್ದರಿಂದ ಆರೋಗ್ಯದ ಚಿಂತನೆಯು ಮಣ್ಣಿನಿಂದಲೇ ಆರಂಭವಾಗಬೇಕೆಂಬುದು ನಮ್ಮ ಹಿರಿಯರು ಬಾಳಿ ತೋರಿದ ವಿವೇಕ. ಮಣ್ಣಿನಲ್ಲಿ ರೋಗವನ್ನು ತರುವ ಜೀವಿಗಳಿರುವಂತೆ, ಆ ರೋಗವನ್ನು ತಡೆಯುವ ಜೀವಿಗಳೂ ಇವೆ. ಅವುಗಳಲ್ಲಿ ಪ್ರಮುಖವಾದ ಒಂದು ಹಸಿರು ಬೂಷ್ಟಿನ ಹೆಸರು ಟ್ರೈಕೋಡರ್ಮ. ಇಂದು ಗೊಬ್ಬರದ ಅಂಗಡಿಗಳಲ್ಲಿ ಪುಡಿಯ ರೂಪದಲ್ಲಿ ದೊರೆಯುವ ಈ ಶಿಲೀಂಧ್ರವನ್ನು ಸಾವಿರಾರು ರೈತರು ಬಳಸುತ್ತಿದ್ದಾರೆ. ಅದು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಕೆಲಸ ಮಾಡುತ್ತದೆ, ಎಲ್ಲಿ ಮಾಡುವುದಿಲ್ಲ ಎಂಬುದನ್ನು ಅರಿತು ಬಳಸುವವರು ಮಾತ್ರ ಕಡಿಮೆ. ಆ ಅರಿವಿನ ಕೊರತೆಯಿಂದ ಬೆಳೆಯೂ ಹಣವೂ ನಷ್ಟವಾಗುತ್ತಿವೆ.

ಅಳದಂಗಡಿಯ ತೋಟಗಳಲ್ಲಿ ಎರಡು ಶತ್ರುಗಳು

ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ತಾಲ್ಲೂಕಿನ ಅಳದಂಗಡಿಯು ಅಜಿಲ ಅರಸು ಮನೆತನದಿಂದ ಹೆಸರಾದ ಊರು. ವೇಣೂರು, ಮೂಡುಬಿದಿರೆ, ಬಂಟ್ವಾಳಗಳ ಕಡೆಗೆ ಹೋದಂತೆಲ್ಲ ಕಣ್ಣಿಗೆ ಬೀಳುವುದು ಅಡಿಕೆಯ ತೋಟ, ಅದರ ನಡುವೆ ತೆಂಗು, ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿ. ಈ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಬರುತ್ತದೆ. ಇಷ್ಟು ತೇವವಿರುವ ನಾಡು ಶಿಲೀಂಧ್ರಗಳಿಗೆ ತವರುಮನೆಯಿದ್ದಂತೆ.

ಈ ತೋಟಗಳನ್ನು ಕಾಡುವ ರೋಗಗಳಲ್ಲಿ ಎರಡನ್ನು ನಾವಿಲ್ಲಿ ಗಮನಿಸೋಣ. ಮೊದಲನೆಯದು ಕೊಳೆರೋಗ. ಕೆಲವೆಡೆ ಇದನ್ನು ಮಹಾಳಿ ಎಂದೂ ಕರೆಯುತ್ತಾರೆ. ಮಳೆಗಾಲದಲ್ಲಿ ಎಳೆಯ ಅಡಿಕೆಯ ತೊಟ್ಟಿನ ಬಳಿ ನೀರಿನಲ್ಲಿ ನೆನೆದಂತಹ ಕಲೆ ಮೂಡಿ, ಕಾಯಿಗಳು ರಾಶಿರಾಶಿಯಾಗಿ ಉದುರುತ್ತವೆ. ಬಿದ್ದ ಕಾಯಿಯ ಮೇಲೆ ಬಿಳಿಯ ಬೂಷ್ಟು ಹತ್ತಿಯಂತೆ ಹರಡುತ್ತದೆ. ಎರಡನೆಯದು ಅಣಬೆ ರೋಗ. ಇದು ಬೇರಿನಿಂದ ಹೊಕ್ಕು ಬುಡವನ್ನು ಒಳಗೊಳಗೇ ಕೊಳೆಸುತ್ತದೆ. ಹೊರಸುತ್ತಿನ ಸೋಗೆಗಳು ಹಳದಿಯಾಗಿ ಜೋತುಬೀಳುತ್ತವೆ, ಕಾಂಡದ ಬುಡದಿಂದ ಕಂದು ಬಣ್ಣದ ದ್ರವ ಒಸರುತ್ತದೆ. ಕೊನೆಗೆ ಬುಡದಲ್ಲಿ ಗಟ್ಟಿಯಾದ ಅಣಬೆ ಕಾಣಿಸಿಕೊಳ್ಳುವ ವೇಳೆಗೆ ಮರ ಕೈತಪ್ಪಿರುತ್ತದೆ.

ಒಂದು ರೋಗ ಮರದ ತುದಿಯ ಗೊನೆಯಲ್ಲಿ, ಇನ್ನೊಂದು ಮಣ್ಣಿನೊಳಗಿನ ಬುಡದಲ್ಲಿ. ಎರಡಕ್ಕೂ ಒಂದೇ ಪುಡಿ ಸಾಕೆಂದು ನಂಬುವುದು ಸರಿಯೇ? ಇದಕ್ಕೆ ಉತ್ತರವು ಶಿಲೀಂಧ್ರದ ದೇಹರಚನೆಯಲ್ಲಿಯೇ ಅಡಗಿದೆ.

ಶಿಲೀಂಧ್ರದ ಸುತ್ತಲಿನ ಕೋಟೆ

ಶಿಲೀಂಧ್ರದ ದೇಹವೆಂದರೆ ನೂಲಿನಂತಹ ಸೂಕ್ಷ್ಮ ಎಳೆಗಳ ಬಲೆ. ಪ್ರತಿಯೊಂದು ಎಳೆಯ ಸುತ್ತಲೂ ಗಟ್ಟಿಯಾದ ಗೋಡೆಯಿದೆ. ಎಳೆಯ ಒಳಗೆ ನೀರಿನ ಒತ್ತಡ ಬಹಳ ಹೆಚ್ಚು. ಗೋಡೆ ಭದ್ರವಾಗಿರುವವರೆಗೆ ಈ ಒತ್ತಡವೇ ಎಳೆಯನ್ನು ಮುಂದೆ ತಳ್ಳಿ ಬೇರಿನೊಳಕ್ಕೆ ನುಗ್ಗಿಸುತ್ತದೆ. ಗೋಡೆಗೆ ರಂಧ್ರ ಬಿದ್ದರೆ ಅದೇ ಒತ್ತಡದಿಂದ ಒಳಗಿನ ಜೀವರಸ ಹೊರಚೆಲ್ಲಿ ಎಳೆ ಸಾಯುತ್ತದೆ.

ಈ ಗೋಡೆಯನ್ನು ಕಟ್ಟಿರುವ ಮುಖ್ಯ ವಸ್ತುಗಳು ಎರಡು: ಕೈಟಿನ್ ಮತ್ತು ಗ್ಲೂಕನ್. ಎರಡೂ ಸಕ್ಕರೆಯ ಜಾತಿಯ ಚಿಕ್ಕ ಚಿಕ್ಕ ಕೊಂಡಿಗಳು ಒಂದಕ್ಕೊಂದು ಬೆಸೆದು ಆದ ಉದ್ದನೆಯ ಸರಪಳಿಗಳು. ಇವುಗಳೊಂದಿಗೆ ಪ್ರೋಟೀನುಗಳೂ ಸೇರಿಕೊಂಡಿವೆ. ಕಟ್ಟಡಕ್ಕೆ ಹೋಲಿಸುವುದಾದರೆ ಕೈಟಿನ್ ಎಂಬುದು ಕಬ್ಬಿಣದ ಸರಳು, ಗ್ಲೂಕನ್ ಅದರ ಸುತ್ತ ತುಂಬಿದ ಕಾಂಕ್ರೀಟು. ಫ್ರಾನ್ಸಿನ ವಿಜ್ಞಾನಿ ಹೆನ್ರಿ ಬ್ರಾಕೊನೊ ಅವರು 1811ರಲ್ಲಿ ಅಣಬೆಗಳನ್ನು ಪರೀಕ್ಷಿಸುವಾಗ ಕೈಟಿನ್ನನ್ನು ಮೊದಲು ಗುರುತಿಸಿದರು. ದುಂಬಿ, ಜಿರಲೆ, ಏಡಿಗಳ ಗಟ್ಟಿ ಹೊರಕವಚದಲ್ಲಿರುವುದೂ ಇದೇ ವಸ್ತು. ಗಿಡಮರಗಳಲ್ಲಿ ಕೈಟಿನ್ ಇಲ್ಲ. ಅವುಗಳ ಕೋಶದ ಗೋಡೆ ಸೆಲ್ಯುಲೋಸಿನದು. ಮನುಷ್ಯನ ಜೀವಕೋಶಗಳಿಗಂತೂ ಗೋಡೆಯೇ ಇಲ್ಲ, ತೆಳುವಾದ ಪೊರೆ ಮಾತ್ರವಿದೆ. ಈ ಭೇದವನ್ನು ನೆನಪಿನಲ್ಲಿಡಬೇಕು. ಗಿಡಕ್ಕೂ ನಮಗೂ ತೊಂದರೆಯಾಗದಂತೆ ಶಿಲೀಂಧ್ರವನ್ನು ಮಾತ್ರ ಹೊಡೆಯಲು ದಾರಿಯಿರುವುದು ಇಲ್ಲಿಯೇ.

ಗೋಡೆಯನ್ನು ಕತ್ತರಿಸುವ ಕಿಣ್ವಗಳು

ಕಿಣ್ವವೆಂದರೆ ಜೀವಿಯು ತಯಾರಿಸುವ, ಒಂದು ನಿರ್ದಿಷ್ಟ ರಾಸಾಯನಿಕ ಕೆಲಸವನ್ನು ವೇಗವಾಗಿ ಮಾಡಿಸುವ ಪ್ರೋಟೀನು. ನಮ್ಮ ಬಾಯಿಯ ಎಂಜಲಿನಲ್ಲಿರುವ ಕಿಣ್ವವು ಅನ್ನದ ಗಂಜಿಯನ್ನು ಸಕ್ಕರೆಯಾಗಿ ಒಡೆಯುವುದರಿಂದಲೇ ಅನ್ನವನ್ನು ಬಹುಹೊತ್ತು ಅಗಿದಾಗ ಸಿಹಿಯೆನಿಸುತ್ತದೆ. ಬೀಗಕ್ಕೆ ಅದರದೇ ಕೀಲಿಕೈ ಇರುವಂತೆ, ಪ್ರತಿಯೊಂದು ಕಿಣ್ವಕ್ಕೂ ಅದರದೇ ಆದ ಗುರಿಯಿರುತ್ತದೆ.

ಟ್ರೈಕೋಡರ್ಮವು ಇಂತಹ ಕಿಣ್ವಗಳ ಕಣಜ. ಅದು ಕೈಟಿನ್ನನ್ನು ಕತ್ತರಿಸಲು ಕೈಟಿನೇಸ್, ಗ್ಲೂಕನ್ನನ್ನು ಕತ್ತರಿಸಲು ಗ್ಲೂಕನೇಸ್, ಪ್ರೋಟೀನನ್ನು ಕರಗಿಸಲು ಪ್ರೋಟಿಯೇಸ್ ಎಂಬ ಕಿಣ್ವಗಳನ್ನು ಹೊರಸೂಸುತ್ತದೆ. ಕೈಟಿನೇಸುಗಳಲ್ಲಿಯೂ ಬೇರೆಬೇರೆ ಬಗೆಗಳಿವೆ. ಕೆಲವು ಸರಪಳಿಯನ್ನು ನಡುವೆಯೇ ತುಂಡರಿಸುತ್ತವೆ. ಇನ್ನು ಕೆಲವು ತುಂಡಾದ ಸರಪಳಿಯ ತುದಿಯಿಂದ ಒಂದೊಂದೇ ಕೊಂಡಿಯನ್ನು ಬಿಡಿಸುತ್ತವೆ. ಕೊಡಲಿಯಿಂದ ಮರ ಕಡಿಯುವವನೊಬ್ಬ, ಕಡಿದ ದಿಮ್ಮಿಯನ್ನು ಸೀಳಿ ಸೌದೆ ಮಾಡುವವನೊಬ್ಬ ಜೊತೆಗೂಡಿದರೆ ಕೆಲಸ ಬೇಗ ಮುಗಿಯುವುದಿಲ್ಲವೇ? ಕಿಣ್ವಗಳ ಸಹಕಾರವೂ ಅಂತಹುದೇ.

ಶತ್ರುವಿನ ಇರವನ್ನು ಟ್ರೈಕೋಡರ್ಮ ಅರಿಯುವ ಬಗೆ ಇನ್ನೂ ಸೋಜಿಗದ್ದು. ಅದು ಸದಾ ಅಲ್ಪ ಪ್ರಮಾಣದಲ್ಲಿ ಕಿಣ್ವವನ್ನು ಹೊರಬಿಡುತ್ತಿರುತ್ತದೆ. ಸಮೀಪದಲ್ಲಿ ಬೇರೆ ಶಿಲೀಂಧ್ರವಿದ್ದರೆ ಅದರ ಗೋಡೆಯಿಂದ ಸಣ್ಣ ಚೂರುಗಳು ಕಳಚಿ ಹರಿದುಬರುತ್ತವೆ. ಆ ಚೂರುಗಳೇ ಸುದ್ದಿಯಾಗಿ, ಟ್ರೈಕೋಡರ್ಮವು ಕಿಣ್ವದ ತಯಾರಿಕೆಯನ್ನು ಹೆಚ್ಚಿಸಿ ಆ ದಿಕ್ಕಿಗೆ ಬೆಳೆಯುತ್ತದೆ. ಶತ್ರುವಿನ ಎಳೆಯನ್ನು ಮುಟ್ಟಿದೊಡನೆ ಬಳ್ಳಿಯಂತೆ ಸುತ್ತಿಕೊಂಡು ಅಂಟಿಕೊಳ್ಳುತ್ತದೆ. ಅಂಟಿದ ಕಡೆಯಲ್ಲಿ ಕಿಣ್ವಗಳು ಗೋಡೆಯನ್ನು ಕರಗಿಸಿ ರಂಧ್ರ ಮಾಡುತ್ತವೆ. ಇದೇ ವೇಳೆ ಅದು ಬಿಡುಗಡೆ ಮಾಡುವ ಮತ್ತೊಂದು ಬಗೆಯ ರಾಸಾಯನಿಕವು, ಒಡೆದ ಗೋಡೆಯನ್ನು ಶತ್ರುವು ಮತ್ತೆ ಕಟ್ಟಿಕೊಳ್ಳದಂತೆ ತಡೆಯುತ್ತದೆ. ಒಬ್ಬರು ಕೆಡಹುತ್ತಿರುವಾಗ ಇನ್ನೊಬ್ಬರು ದುರಸ್ತಿಯ ಸಾಮಗ್ರಿಯನ್ನೇ ತಡೆದು ನಿಲ್ಲಿಸಿದಂತೆ. ಕೊನೆಗೆ ಶತ್ರುವಿನ ದೇಹವೇ ಟ್ರೈಕೋಡರ್ಮಕ್ಕೆ ಆಹಾರವಾಗುತ್ತದೆ.

ಒಂದು ಶಿಲೀಂಧ್ರವು ಇನ್ನೊಂದನ್ನು ಹೀಗೆ ಪರಾವಲಂಬಿಯಾಗಿ ಕೊಲ್ಲುವುದನ್ನು ರಿಚರ್ಡ್ ವೈಂಡ್ಲಿಂಗ್ ಎಂಬ ವಿಜ್ಞಾನಿ ಅಮೆರಿಕದಲ್ಲಿ 1932ರಲ್ಲಿ ಪ್ರಕಟಿಸಿದರು. ಟ್ರೈಕೋಡರ್ಮ ಎಂಬ ಹೆಸರಾದರೋ 1794ರಷ್ಟು ಹಳೆಯದು. ಇದರ ಕುಲದ ಇನ್ನೊಂದು ಶಿಲೀಂಧ್ರವು ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಾಲೊಮನ್ ದ್ವೀಪಗಳಲ್ಲಿ ಅಮೆರಿಕದ ಸೈನಿಕರ ಹತ್ತಿಯ ಡೇರೆಗಳನ್ನು ತಿಂದು ಹಾಕಿತ್ತು. ಹತ್ತಿಯೆಂದರೆ ಸೆಲ್ಯುಲೋಸು. ಅದನ್ನು ಕರಗಿಸುವ ಅದೇ ಕಿಣ್ವಗಳನ್ನು ಇಂದು ಜೀನ್ಸ್ ಬಟ್ಟೆಯನ್ನು ಮೃದುಗೊಳಿಸುವ ಉದ್ದಿಮೆಗಳಲ್ಲಿ ಬಳಸುತ್ತಾರೆ.

ನಮ್ಮ ದೇಹದಲ್ಲಿಯೂ ಇದೇ ತತ್ತ್ವ

ಗೋಡೆಯನ್ನು ಒಡೆದು ರೋಗಾಣುವನ್ನು ಕೊಲ್ಲುವ ಈ ಉಪಾಯ ನಮ್ಮ ದೇಹಕ್ಕೆ ಹೊಸದಲ್ಲ. ನಮ್ಮ ಕಣ್ಣೀರು, ಎಂಜಲುಗಳಲ್ಲಿ ಲೈಸೋಜೈಮ್ ಎಂಬ ಕಿಣ್ವವಿದೆ. ಇದನ್ನು 1922ರಲ್ಲಿ ಗುರುತಿಸಿದವರು, ಮುಂದೆ ಪೆನಿಸಿಲಿನ್ನಿನಿಂದ ಜಗದ್ವಿಖ್ಯಾತರಾದ ಅಲೆಕ್ಸಾಂಡರ್ ಫ್ಲೆಮಿಂಗ್ ಅವರು. ಲೈಸೋಜೈಮ್ ಬ್ಯಾಕ್ಟೀರಿಯಾಗಳ ಗೋಡೆಯನ್ನು ಕತ್ತರಿಸುತ್ತದೆ. ದಿನವೆಲ್ಲ ಧೂಳಿಗೆ ತೆರೆದಿರುವ ಕಣ್ಣು ಕೆಡದೆ ಇರುವುದರಲ್ಲಿ ಇದರ ಪಾಲೂ ಇದೆ. ಆಸ್ಪತ್ರೆಗಳಲ್ಲಿ ತೀವ್ರವಾದ ಶಿಲೀಂಧ್ರ ಸೋಂಕಿಗೆ ನೀಡುವ ಕ್ಯಾಸ್ಪೋಫಂಜಿನ್ ಎಂಬ ಔಷಧವು 2001ರಿಂದ ಬಳಕೆಯಲ್ಲಿದೆ. ಅದು ಮಾಡುವ ಕೆಲಸವೂ ಶಿಲೀಂಧ್ರವು ತನ್ನ ಗೋಡೆಯ ಗ್ಲೂಕನ್ ಕಟ್ಟಿಕೊಳ್ಳದಂತೆ ತಡೆಯುವುದೇ. ನಮ್ಮ ಕೋಶಗಳಿಗೆ ಗೋಡೆಯಿಲ್ಲವಾದ ಕಾರಣ ಇಂತಹ ಔಷಧವು ರೋಗಾಣುವನ್ನು ಆರಿಸಿ ಹೊಡೆಯಬಲ್ಲುದು.

ಗಿಡಗಳೂ ಹಿಂದೆ ಬಿದ್ದಿಲ್ಲ. ತಮ್ಮಲ್ಲಿ ಕೈಟಿನ್ ಇಲ್ಲದಿದ್ದರೂ ಕೈಟಿನೇಸ್ ಕಿಣ್ವವನ್ನು ಅವು ತಯಾರಿಸಬಲ್ಲವು. ಕೈಟಿನ್ನಿನ ಚೂರು ತಾಕಿದರೆ ಶತ್ರು ಬಂದನೆಂದು ತಿಳಿದು ಎಚ್ಚರಗೊಳ್ಳುತ್ತವೆ. ಟ್ರೈಕೋಡರ್ಮವು ಬೇರಿನ ಹೊರಪದರಗಳಲ್ಲಿ ನೆಲೆಸಿದಾಗ ಗಿಡದ ಈ ಸ್ವಂತ ರಕ್ಷಣಾಶಕ್ತಿಯೂ ಚುರುಕಾಗುತ್ತದೆ.

ಕೊಳೆರೋಗಕ್ಕೆ ಈ ಪುಡಿ ಏಕೆ ಸಾಲದು?

ಇನ್ನು ತೋಟಕ್ಕೆ ಮರಳೋಣ. ಕೊಳೆರೋಗವನ್ನು ಕುರಿತು ಶಾಸ್ತ್ರೀಯವಾಗಿ ಅಧ್ಯಯನ ಮಾಡಿದ ಮೊದಲಿಗರಲ್ಲಿ ಒಬ್ಬರು, ಕೆನಡಾ ದೇಶದಿಂದ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ ಅವರು. ಮಲೆನಾಡಿನ ತೋಟಗಳನ್ನು ಕಂಡು 1910ರಲ್ಲಿ ಅವರು ಈ ರೋಗದ ಮೇಲೆ ವಿವರವಾದ ಗ್ರಂಥವನ್ನು ಪ್ರಕಟಿಸಿದರು. ರೋಗಕ್ಕೆ ಕಾರಣ ಫೈಟಾಫ್ತೊರ ಎಂಬ ಜೀವಿಯೆಂದು ಗುರುತಿಸಿ, ಬೋರ್ಡೋ ದ್ರಾವಣದ ಸಿಂಪಡಣೆಯನ್ನು ರೂಢಿಗೆ ತಂದರು. ಅದಕ್ಕೂ ಮೊದಲು ಮಲೆನಾಡಿನಲ್ಲಿ ಗೊನೆಗೆ ಮಳೆ ತಾಕದಂತೆ ಕೊಟ್ಟೆ ಕಟ್ಟುವ ಪದ್ಧತಿಯಿತ್ತು.

ಫೈಟಾಫ್ತೊರ ನೋಡಲು ಶಿಲೀಂಧ್ರದಂತೆಯೇ ಇದ್ದರೂ ವಂಶದಲ್ಲಿ ಅದು ಬೇರೆ. ಅದರ ಗೋಡೆ ಮುಖ್ಯವಾಗಿ ಗ್ಲೂಕನ್ ಮತ್ತು ಸೆಲ್ಯುಲೋಸಿನಿಂದಾದುದು. ಕೈಟಿನ್ ಇಲ್ಲವೆನ್ನುವಷ್ಟು ಅಲ್ಪ. ಹೀಗಾಗಿ ಟ್ರೈಕೋಡರ್ಮದ ಪ್ರಮುಖ ಆಯುಧವಾದ ಕೈಟಿನೇಸಿಗೆ ಇಲ್ಲಿ ಗುರಿಯೇ ಇಲ್ಲ. ಗ್ಲೂಕನೇಸ್ ಮತ್ತು ಸೆಲ್ಯುಲೇಸ್ ಕಿಣ್ವಗಳು ಕೆಲಸ ಮಾಡಬಲ್ಲವು. ಆದ್ದರಿಂದಲೇ ಮಣ್ಣಿನಲ್ಲಿ ಹರಡುವ ಫೈಟಾಫ್ತೊರದ ವಿರುದ್ಧ, ಉದಾಹರಣೆಗೆ ಕಾಳುಮೆಣಸಿನ ಶೀಘ್ರ ಸೊರಗು ರೋಗಕ್ಕೆ, ಬಳ್ಳಿಯ ಬುಡಕ್ಕೆ ಟ್ರೈಕೋಡರ್ಮ ಹಾಕಲು ತಜ್ಞರು ಸಲಹೆ ಮಾಡುತ್ತಾರೆ.

ಆದರೆ ಅಡಿಕೆಯ ಕೊಳೆರೋಗ ನಡೆಯುವುದು ಹತ್ತಾರು ಅಡಿ ಎತ್ತರದ ಗೊನೆಯಲ್ಲಿ, ಎಡೆಬಿಡದ ಮಳೆಯ ನಡುವೆ. ಮಣ್ಣಿನಲ್ಲಿ ವಾಸಿಸುವ ಟ್ರೈಕೋಡರ್ಮಕ್ಕೆ ಅಲ್ಲಿ ನೆಲೆಯಿಲ್ಲ, ಆಹಾರವಿಲ್ಲ, ಅಂಟಿಕೊಳ್ಳಲು ಸಮಯವೂ ಇಲ್ಲ. ಆದ್ದರಿಂದ ಬುಡಕ್ಕೆ ಜೈವಿಕ ಪುಡಿ ಹಾಕಿದ್ದೇನೆಂದು ಬೋರ್ಡೋ ಸಿಂಪಡಣೆಯನ್ನು ಕೈಬಿಟ್ಟರೆ ಒಂದೇ ಮಳೆಗಾಲದಲ್ಲಿ ವರ್ಷದ ಫಸಲು ನೆಲದ ಪಾಲಾಗಬಹುದು. ಅತಿವೃಷ್ಟಿಯಾದ 2018ರ ಮಳೆಗಾಲದಲ್ಲಿ ಕೊಳೆರೋಗ ಕರಾವಳಿ, ಮಲೆನಾಡುಗಳೆರಡನ್ನೂ ಹೇಗೆ ಕಾಡಿತೆಂಬುದನ್ನು ಬೆಳೆಗಾರರು ಮರೆತಿಲ್ಲ. ಇತ್ತೀಚೆಗೆ ಹಬ್ಬಿರುವ ಎಲೆಚುಕ್ಕಿ ರೋಗಕ್ಕೂ ಈ ಮಾತು ಅನ್ವಯಿಸುತ್ತದೆ. ಮಣ್ಣಿಗೆ ಹಾಕಿದ ಪುಡಿ ಎಲೆಯ ಮೇಲಿನ ಚುಕ್ಕಿಯನ್ನು ಅಳಿಸುವುದೆಂದು ನಂಬಬಾರದು.

ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, ಒಟ್ಟು 100 ಲೀಟರ್ ನೀರು ಬೇಕು. ಎರಡನ್ನೂ ಬೇರೆಬೇರೆಯಾಗಿ 50 ಲೀಟರ್ ನೀರಿನಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯಬೇಕು. ಹೊಳೆಯುವ ಕಬ್ಬಿಣದ ಕತ್ತಿಯನ್ನು ಅದ್ದಿದಾಗ ತಾಮ್ರದ ಕೆಂಪು ಲೇಪ ಕಂಡರೆ ಇನ್ನಷ್ಟು ಸುಣ್ಣದ ನೀರು ಸೇರಿಸಬೇಕು. ಮುಂಗಾರಿಗೆ ಮುನ್ನ ಒಮ್ಮೆ, 40-45 ದಿನಗಳ ಬಳಿಕ ಮತ್ತೊಮ್ಮೆ ಗೊನೆಗೆ ಸಿಂಪಡಿಸುವುದು ವಾಡಿಕೆ. ಮೈಲುತುತ್ತ ಕಣ್ಣಿಗೆ ಅಪಾಯಕಾರಿ, ಸುಟ್ಟ ಸುಣ್ಣ ನೀರು ತಾಕಿದೊಡನೆ ಕುದಿಯುತ್ತದೆ. ಕನ್ನಡಕ, ಕೈಗವಸುಗಳನ್ನು ಧರಿಸದೆ ಈ ಕೆಲಸಕ್ಕೆ ಇಳಿಯಬಾರದು. ನೆನೆದು ಜಾರುವ ಮರವನ್ನೇರಿ ಬಿದ್ದು ಬೆನ್ನು ಮುರಿದುಕೊಂಡವರ ಕುಟುಂಬಗಳ ಸಂಕಟವನ್ನು ನೆನೆದರೆ, ನೆಲದಲ್ಲಿ ನಿಂತೇ ಸಿಂಪಡಿಸುವ ಉದ್ದನೆಯ ಫೈಬರ್ ದೋಟಿ ಬಂದಿರುವುದು ದೊಡ್ಡ ಉಪಕಾರ.

ಅಣಬೆ ರೋಗದಲ್ಲಿ ಇದರ ನಿಜವಾದ ಸ್ಥಾನ

ಅಣಬೆ ರೋಗಕ್ಕೆ ಕಾರಣವಾದ ಗ್ಯಾನೊಡರ್ಮ ಎಂಬುದು ಅಪ್ಪಟ ಶಿಲೀಂಧ್ರ. ಅದರ ಗೋಡೆಯಲ್ಲಿ ಕೈಟಿನ್ ಇದೆ, ಗ್ಲೂಕನ್ನೂ ಇದೆ. ಅದು ಬದುಕುವುದು ಮಣ್ಣಿನಲ್ಲಿ, ಹಳೆಯ ಬುಡ-ಬೇರುಗಳಲ್ಲಿ. ಎಂದರೆ ಟ್ರೈಕೋಡರ್ಮದ ಕಿಣ್ವಗಳಿಗೆ ಇಲ್ಲಿ ಗುರಿಯೂ ಇದೆ, ನೆಲೆಯೂ ಇದೆ. ಸ್ವಾರಸ್ಯವೆಂದರೆ ಗ್ಯಾನೊಡರ್ಮವು ಮರವನ್ನು ಕೊಳೆಸುವುದೂ ಕಿಣ್ವಗಳಿಂದಲೇ. ಕಾಷ್ಠವನ್ನು ಕರಗಿಸುವ ಕಿಣ್ವ ಅದರ ಕೈಯಲ್ಲಿ, ಅದರ ಗೋಡೆಯನ್ನು ಕರಗಿಸುವ ಕಿಣ್ವ ಟ್ರೈಕೋಡರ್ಮದ ಕೈಯಲ್ಲಿ.

ಆದರೂ ಬುಡ ಕೊಳೆತುಹೋದ ಮರವನ್ನು ಯಾವ ಪುಡಿಯೂ ಬದುಕಿಸಲಾರದು. ಟ್ರೈಕೋಡರ್ಮದ ಪ್ರಯೋಜನವಿರುವುದು ಅಕ್ಕಪಕ್ಕದ ಆರೋಗ್ಯವಂತ ಮರಗಳ ರಕ್ಷಣೆಯಲ್ಲಿ. ಸತ್ತ ಮರವನ್ನು ಬೇರುಸಹಿತ ಕಿತ್ತು ಸುಡಬೇಕು. ರೋಗದ ಜಾಗದ ಸುತ್ತ ಸುಮಾರು ಎರಡಡಿ ಆಳ, ಒಂದಡಿ ಅಗಲದ ಕಂದಕ ತೋಡಿ ಬೇರುಗಳ ಸಂಪರ್ಕವನ್ನು ಕತ್ತರಿಸಬೇಕು. ನೀರು ನಿಲ್ಲದಂತೆ ಬಸಿಗಾಲುವೆ ಮಾಡಬೇಕು. ಉಳಿದ ಮರಗಳಿಗೆ ವರ್ಷಕ್ಕೆ ತಲಾ 2 ಕಿಲೋದಂತೆ ಬೇವಿನ ಹಿಂಡಿಯೊಂದಿಗೆ ಟ್ರೈಕೋಡರ್ಮ ಬೆರೆಸಿದ ಗೊಬ್ಬರ ಹಾಕಬೇಕು. ಅಡಿಕೆಯ ಸಂಶೋಧನೆಗೆಂದೇ 1956ರಲ್ಲಿ ಬಂಟ್ವಾಳ ತಾಲ್ಲೂಕಿನ ವಿಟ್ಲದಲ್ಲಿ ಕೇಂದ್ರವೊಂದು ಆರಂಭವಾಯಿತು. ಇಂದು ಅದು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಾಗಿದೆ. ಅಳದಂಗಡಿಯ ಸುತ್ತಲಿನ ಬೆಳೆಗಾರರಿಗೆ ಸಲಹೆಗೆ ಇದು ಸಮೀಪದ ಆಸರೆ.

ಘಟ್ಟದ ಮೇಲಿನ ಸದ್ಭಕ್ತರಿಗೂ ಈ ವಿಷಯ ದೂರದ್ದಲ್ಲ. ಕಲಬುರಗಿ ಭಾಗದ ತೊಗರಿಯ ನೆಟೆ ರೋಗ, ಕಡಲೆಯ ಸೊರಗು ರೋಗ ಇವೆರಡಕ್ಕೂ ಕಾರಣ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವ ಫ್ಯುಸೇರಿಯಂ ಎಂಬ ಶಿಲೀಂಧ್ರ. ಅದರ ಗೋಡೆಯಲ್ಲಿಯೂ ಕೈಟಿನ್ ಇದೆ. ಬಿತ್ತುವ ಮುನ್ನ ಪ್ರತಿ ಕಿಲೋ ಬೀಜಕ್ಕೆ 4ರಿಂದ 10 ಗ್ರಾಂ ಟ್ರೈಕೋಡರ್ಮ ಲೇಪಿಸಿ ನೆರಳಿನಲ್ಲಿ ಆರಿಸಿದರೆ, ಮೊಳಕೆಯೊಡನೆಯೇ ಕಾವಲುಗಾರನೂ ಮಣ್ಣಿಗಿಳಿಯುತ್ತಾನೆ. ಕೆಲವೇ ರೂಪಾಯಿಗಳ ಈ ಎಚ್ಚರವು ಹೂಬಿಡುವ ಹೊತ್ತಿಗೆ ಗಿಡ ಒಣಗುವ ಸಂಕಟವನ್ನು ಬಹುಮಟ್ಟಿಗೆ ತಗ್ಗಿಸಬಲ್ಲುದು.

ಬಳಸುವ ಕ್ರಮ ಮತ್ತು ಎಚ್ಚರಿಕೆಗಳು

ಪುಡಿಯಲ್ಲಿರುವುದು ಜೀವವೆಂಬುದನ್ನು ಮರೆಯಬಾರದು. ಕೊಳ್ಳುವಾಗ ಪೊಟ್ಟಣದ ಮೇಲೆ ನೋಂದಣಿ ಸಂಖ್ಯೆ, ತಯಾರಿಸಿದ ಮತ್ತು ಅವಧಿ ಮುಗಿಯುವ ದಿನಾಂಕಗಳನ್ನು ನೋಡಬೇಕು. ನಿಯಮದಂತೆ ಪ್ರತಿ ಗ್ರಾಂ ಪುಡಿಯಲ್ಲಿ ಕನಿಷ್ಠ 20 ಲಕ್ಷ ಜೀವಂತ ಕಣಗಳಿರಬೇಕು. ಬಿಸಿಲಿನಲ್ಲಿಟ್ಟ, ಅವಧಿ ಮೀರಿದ ಪುಡಿ ಬರಿಯ ಮಣ್ಣಿಗೆ ಸಮಾನ.

ಮನೆಯಲ್ಲಿಯೇ ಇದನ್ನು ವೃದ್ಧಿಸಿಕೊಳ್ಳಬಹುದು. 90 ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, 10 ಕಿಲೋ ಬೇವಿನ ಹಿಂಡಿ, 1ರಿಂದ 2 ಕಿಲೋ ಟ್ರೈಕೋಡರ್ಮ ಬೆರೆಸಿ, ನೆರಳಿನಲ್ಲಿ ರಾಶಿ ಮಾಡಿ, ಹದವಾಗಿ ನೀರು ಚಿಮುಕಿಸಿ ಒದ್ದೆ ಗೋಣಿಯಿಂದ ಮುಚ್ಚಬೇಕು. ವಾರಕ್ಕೊಮ್ಮೆ ತಿರುವಿಹಾಕಿದರೆ 15-20 ದಿನಗಳಲ್ಲಿ ರಾಶಿಯ ಮೇಲೆ ಹಸಿರು ಬೂಷ್ಟು ಹರಡಿ ಬಳಕೆಗೆ ಸಿದ್ಧವಾಗುತ್ತದೆ. ಮಣ್ಣಿನಲ್ಲಿ ತೇವವಿರುವಾಗಲೇ ಬುಡಕ್ಕೆ ಹಾಕಿ ಸೋಗೆ-ಸೊಪ್ಪಿನಿಂದ ಮುಚ್ಚಬೇಕು.

ಇದನ್ನು ಬೋರ್ಡೋ ದ್ರಾವಣದೊಂದಿಗಾಗಲಿ, ಬೇರೆ ಶಿಲೀಂಧ್ರನಾಶಕ, ರಾಸಾಯನಿಕ ಗೊಬ್ಬರಗಳೊಂದಿಗಾಗಲಿ ಬೆರೆಸಬಾರದು. ನಡುವೆ ಎರಡು-ಮೂರು ವಾರಗಳ ಅಂತರವಿರಲಿ. ಉಳಿದ ಬೋರ್ಡೋ ದ್ರಾವಣವನ್ನು ಬುಡಕ್ಕೆ ಚೆಲ್ಲುವ ಅಭ್ಯಾಸ ಸಲ್ಲದು. ತಾಮ್ರವು ಮಣ್ಣಿನಲ್ಲಿ ಕರಗಿ ಮಾಯವಾಗುವುದಿಲ್ಲ, ವರ್ಷವರ್ಷಕ್ಕೂ ಸಂಗ್ರಹವಾಗುತ್ತ ಹೋಗುತ್ತದೆ. ಮನೆಯಲ್ಲಿ ಅಣಬೆ ಬೇಸಾಯ ಮಾಡುವವರು ಟ್ರೈಕೋಡರ್ಮದ ರಾಶಿಯನ್ನು ಆ ಕೊಠಡಿಯಿಂದ ದೂರವಿಡಬೇಕು. ತಿನ್ನುವ ಅಣಬೆಯ ಗೋಡೆಯೂ ಕೈಟಿನ್ನಿನದೇ. ಮಿತ್ರನೆಂದು ನಾವು ಕರೆದ ಶಿಲೀಂಧ್ರ ಅಲ್ಲಿ ಹಸಿರು ಬೂಷ್ಟು ರೋಗವಾಗಿ ಕಾಡುತ್ತದೆ.

ಆರೋಗ್ಯವಂತರಿಗೆ ಟ್ರೈಕೋಡರ್ಮದಿಂದ ಸೋಂಕಿನ ಭಯವಿಲ್ಲ. ಆದರೂ ಯಾವುದೇ ಬೂಷ್ಟಿನ ಧೂಳು ಉಸಿರಿನೊಂದಿಗೆ ಒಳಹೋದರೆ ಅಲರ್ಜಿ, ಉಬ್ಬಸಗಳು ಕೆರಳಬಹುದು. ಪುಡಿ ಬೆರೆಸುವಾಗ ಮೂಗು-ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು, ಬಳಿಕ ಕೈಕಾಲು ತೊಳೆಯಬೇಕು. ಅಂಗಾಂಗ ಕಸಿ ಮಾಡಿಸಿಕೊಂಡವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಹೊಟ್ಟೆಯ ಮೂಲಕ ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ ಟ್ರೈಕೋಡರ್ಮ ಸೋಂಕು ವಿರಳವಾಗಿಯಾದರೂ ವರದಿಯಾಗಿದೆ. ಅಂತಹವರು ಈ ಕೆಲಸವನ್ನು ಮನೆಯ ಬೇರೆಯವರಿಗೆ ಬಿಡುವುದು ಲೇಸು.

ಕಾಣದ ಜೀವಿಗಳಿಗೂ ದಾಸೋಹ

ಟ್ರೈಕೋಡರ್ಮವು ನಾವು ಹೊಸದಾಗಿ ತಂದ ಅತಿಥಿಯಲ್ಲ. ಆರೋಗ್ಯಕರವಾದ ಮಣ್ಣಿನಲ್ಲಿ ಅದು ಮೊದಲಿನಿಂದಲೂ ಇದೆ. ತರಗೆಲೆ, ಸೊಪ್ಪು, ಕೊಟ್ಟಿಗೆ ಗೊಬ್ಬರಗಳಿಂದ ಅದಕ್ಕೆ ಆಹಾರ ದೊರೆಯುತ್ತದೆ. ಆಹಾರವಿಲ್ಲದ ಬರಡು ಮಣ್ಣಿಗೆ ಎಷ್ಟು ಪೊಟ್ಟಣ ಸುರಿದರೂ ಅದು ನೆಲೆ ನಿಲ್ಲದು. ಆದ್ದರಿಂದ ಪುಡಿಯನ್ನು ಕೊಳ್ಳುವುದಕ್ಕೆ ಮುನ್ನ ಗೊಬ್ಬರವನ್ನು ಸಿದ್ಧಪಡಿಸಬೇಕು.

ಗೊನೆಗೆ ಬೋರ್ಡೋ, ಬುಡಕ್ಕೆ ಟ್ರೈಕೋಡರ್ಮ, ಬೀಜಕ್ಕೆ ಲೇಪನ, ಸತ್ತ ಮರಕ್ಕೆ ಬೆಂಕಿ: ಹೀಗೆ ಆಯಾ ಸ್ಥಾನಕ್ಕೆ ಆಯಾ ಉಪಾಯ. ಕಾಯಕವೆಂದರೆ ದುಡಿಮೆ ಮಾತ್ರವಲ್ಲದೆ ಅರಿತು ಮಾಡುವ ದುಡಿಮೆ ಎಂಬುದನ್ನು ಶರಣರು ತಮ್ಮ ಬದುಕಿನಿಂದಲೇ ಕಲಿಸಿದ್ದಾರೆ. ಮಣ್ಣಿಗೆ ಹಾಕುವ ಒಂದು ಬುಟ್ಟಿ ಗೊಬ್ಬರವೂ ಕಣ್ಣಿಗೆ ಕಾಣದ ಕೋಟಿ ಜೀವಿಗಳಿಗೆ ನಡೆಸುವ ದಾಸೋಹವೇ. ಉಂಡ ಆ ಜೀವಿಗಳು ನಮ್ಮ ಬೆಳೆಯನ್ನು ಕಾಯುತ್ತವೆ. ಕಾಯ್ದ ಬೆಳೆ ನಮ್ಮ ಮಕ್ಕಳ ತಟ್ಟೆಗೆ ಆರೋಗ್ಯಕರ ಅನ್ನವಾಗಿ ಬರುತ್ತದೆ. ಬರುವ ಮುಂಗಾರಿಗೆ ಮೊದಲು ಪ್ರತಿಯೊಬ್ಬ ರೈತಬಂಧುವೂ ತನ್ನ ತೋಟದಲ್ಲಿ ಒಂದು ಸುತ್ತು ಬಂದು, ಯಾವ ಮರಕ್ಕೆ ಯಾವ ರೋಗವೆಂದು ಗುರುತಿಸಿಕೊಳ್ಳಲಿ. ಸಂದೇಹವಿದ್ದಲ್ಲಿ ಸಮೀಪದ ಕೃಷಿ ವಿಜ್ಞಾನ ಕೇಂದ್ರದ ತಜ್ಞರನ್ನು ಕೇಳಲಿ. ಆ ಬಳಿಕವೇ ಔಷಧದ ಆಯ್ಕೆಯಾಗಲಿ.